ನೇತ್ರಾಣಿಗೆ ಹೊರಡುವ ಮುಂಚೆ: ಸ್ನಾರ್ಕೆಲಾ, ಟ್ರೈ ಡೈವಾ, ಕೋರ್ಸಾ?

ಅಕ್ಟೋಬರ್ ಬಂತು ಅಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಶುರುವಾಗುತ್ತವೆ. "ಮುರುಡೇಶ್ವರಕ್ಕೆ ಬಂದು, ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ಹೋಗ್ತಿದ್ದೀವಿ. ನನಗೆ ಈಜು ಬರಲ್ಲ. ಅದಕ್ಕೆ ಸ್ಕೂಬಾ ಬೇಡ, ಸ್ನಾರ್ಕೆಲ್ ಸಾಕು ಅಂದ್ಕೊಂಡಿದ್ದೀನಿ. ಸರೀನಾ?"

ಸರಿ ಇಲ್ಲ. ಲೆಕ್ಕ ಉಲ್ಟಾ ಆಗಿದೆ.

ಸ್ನಾರ್ಕೆಲ್ ಅಂದರೆ ಬಾಯಲ್ಲಿ ಕೊಳವೆ ಇಟ್ಟುಕೊಂಡು, ಮುಖ ಕೆಳಗೆ ಮಾಡಿ ನೀರಿನ ಮೇಲೆ ತೇಲುವುದು. ಸ್ಕೂಬಾ ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದು. ಕೋರ್ಸ್ ಮಾಡದೆ, ತರಬೇತುದಾರನ ಜೊತೆ ಒಮ್ಮೆ ಸ್ಕೂಬಾ ಮಾಡಿ ನೋಡುವುದೇ ಟ್ರೈ ಡೈವ್. ಆಗ ತರಬೇತುದಾರ ನಿಮ್ಮ ಸಿಲಿಂಡರ್ ಹಿಡಿದುಕೊಂಡೇ ಇರುತ್ತಾನೆ. ನಿಮ್ಮ ಗಾಳಿ ಎಷ್ಟಿದೆ, ಎಷ್ಟು ಆಳ ಹೋದಿರಿ, ಕಣ್ಣಲ್ಲಿ ಗಾಬರಿ ಇದೆಯಾ, ಎಲ್ಲ ಅವನೇ ನೋಡುತ್ತಾನೆ. ಸ್ನಾರ್ಕೆಲ್ ಮಾಡುವವರಿಗೆ ಒಂದು ಲೈಫ್ ಜಾಕೆಟ್, ಒಂದು ಕೊಳವೆ ಕೊಟ್ಟು "ದೋಣಿ ಹತ್ರಾನೇ ಇರಿ" ಅನ್ನುತ್ತಾರೆ. ಆಮೇಲೆ ನೀವುಂಟು, ಕಡಲುಂಟು. ಈಜು ಬರದವರಿಗೆ ಇವೆರಡರಲ್ಲಿ ಯಾವುದು ಕಷ್ಟ, ನೀವೇ ಹೇಳಿ.

ಹಾಗಾಗಿ ಧೈರ್ಯ ಎಷ್ಟಿದೆ ಅಂತ ನೋಡಿ ಆರಿಸಬೇಡಿ. ನೀರಲ್ಲಿ ನಿಮ್ಮ ಮೇಲೆ ಕಣ್ಣಿಡುವವರು ಯಾರು ಅಂತ ನೋಡಿ ಆರಿಸಿ. ಸ್ನಾರ್ಕೆಲ್‌ನಲ್ಲಿ ನೀವೇ. ಟ್ರೈ ಡೈವ್‌ನಲ್ಲಿ ತರಬೇತುದಾರ. ಕೋರ್ಸ್ ಮುಗಿಸಿದ ಮೇಲೆ ನೀವು, ಮತ್ತು ನಿಮ್ಮ ಜೊತೆಗಾರ.

ಸ್ನಾರ್ಕೆಲ್: ಸುಲಭ ಅನ್ನಿಸುವುದೇ ತೊಂದರೆ

ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ, ತೆರೆದ ಕಡಲಿನಲ್ಲಿದೆ. ಬೋಟಿನಲ್ಲಿ ಒಂದು, ಒಂದೂವರೆ ಗಂಟೆ. ಮೇಲಿಂದ ನೋಡಿದರೆ ಹೃದಯದ ಆಕಾರ ಅಂತಾರೆ, ಬೋಟಿನಿಂದ ಕಾಣುವುದು ಬರೀ ಕಡಿದಾದ ಬಂಡೆ. ಮರಳ ತೀರ ಇಲ್ಲ. ಅಂದರೆ ಮೊಣಕಾಲುದ್ದ ನೀರಲ್ಲಿ ನಿಂತು, ಮಾಸ್ಕ್ ಸರಿಮಾಡಿಕೊಂಡು, ನಿಧಾನವಾಗಿ ಒಳಗೆ ಹೋಗೋಣ ಅನ್ನುವ ಮಾತೇ ಇಲ್ಲ. ಬೋಟಿನಿಂದ ಇಳಿದ ಕೂಡಲೇ ಕಾಲ ಕೆಳಗೆ ಹಲವು ಮೀಟರ್ ನೀರು. ಇದನ್ನು ಯಾರೂ ಮುಂಚೆ ಹೇಳುವುದಿಲ್ಲ.

ಅದಕ್ಕೇ ಮೊದಲ ಸಲ ಸ್ನಾರ್ಕೆಲ್ ಮಾಡುವವರಿಗೆ ನೇತ್ರಾಣಿ ಒಳ್ಳೆಯ ಜಾಗ ಅಂತ ನಾನು ಹೇಳುವುದಿಲ್ಲ. ಈಜು ಬರುತ್ತದೆ, ಆಳದ ನೀರಿನ ಭಯ ಇಲ್ಲ ಅಂದರೆ ಚೆನ್ನಾಗಿದೆ. ನೀರು ತಿಳಿಯಾಗಿರುವ ದಿನ ಮೇಲಿನಿಂದಲೇ ಮೀನಿನ ಹಿಂಡು ಕಾಣುತ್ತದೆ.

ಬಾವಿಯಲ್ಲಿ, ಕೆರೆಯಲ್ಲಿ ಈಜು ಕಲಿತವರು ಇಲ್ಲೊಂದು ವಿಷಯ ಗಮನಿಸಬೇಕು. ಬಾವಿ ಈಜಿನಲ್ಲಿ ತಲೆ ಯಾವಾಗಲೂ ಮೇಲೆ. ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು ಕಲಿತವರಿಗೆ ಮುಖ ನೀರಿನೊಳಗೆ ಇಟ್ಟು ಬಾಯಲ್ಲಿ ಉಸಿರಾಡು ಅಂದರೆ ಮೈಯೇ ಒಪ್ಪುವುದಿಲ್ಲ. ಎದೆ ಬಿಗಿಯುತ್ತದೆ. ಇದು ಹೆದರಿಕೆ ಅಲ್ಲ, ಅಭ್ಯಾಸ ಇಲ್ಲ ಅಷ್ಟೇ. ನಿಮ್ಮೂರಿನ ಈಜುಕೊಳದಲ್ಲಿ ಎರಡು ಸಂಜೆ ಮಾಸ್ಕ್, ಕೊಳವೆ ಹಾಕಿಕೊಂಡು ಮುಖ ಕೆಳಗೆ ಮಾಡಿ ಸುಮ್ನೆ ತೇಲಿ. ಕೊಳವೆಗೆ ನೀರು ಬಂದರೆ ಒಮ್ಮೆ ಜೋರಾಗಿ ಊದಿ ಹೊರಗೆ ಹಾಕುವುದನ್ನು ಇಪ್ಪತ್ತು ಸಲ ಮಾಡಿ. ಇಷ್ಟು ಬಂದರೆ ಅರ್ಧ ತಯಾರಿ ಮುಗಿಯಿತು.

ಅಭ್ಯಾಸ ಈಜುಕೊಳದಲ್ಲೇ ಆಗಲಿ. ಆನ್‌ಲೈನಿನಲ್ಲಿ ಒಂದು ಸೆಟ್ ತರಿಸಿಕೊಂಡು ಮುರುಡೇಶ್ವರದ ತೀರದಲ್ಲೇ ಶುರು ಮಾಡೋಣ ಅಂದುಕೊಳ್ಳಬೇಡಿ. ಅಲ್ಲಿ ಅಲೆಯ ಸೆಳೆತ ಇದೆ, ಏಳುವ ಮರಳಿನಿಂದ ಏನೂ ಕಾಣುವುದೂ ಇಲ್ಲ. 2024ರ ಡಿಸೆಂಬರ್‌ನಲ್ಲಿ ಇದೇ ತೀರದಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ಶಾಲಾ ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು.

ಇನ್ನು ಸಾಮಾನು. ಮಾಸ್ಕ್ ಆರಿಸುವಾಗ ಪಟ್ಟಿ ಹಾಕಿಕೊಳ್ಳದೆ ಸುಮ್ನೆ ಮುಖಕ್ಕೆ ಒತ್ತಿ. ಮೂಗಿನಲ್ಲಿ ಮೆಲ್ಲಗೆ ಉಸಿರು ಎಳೆದುಕೊಂಡು ಕೈ ಬಿಡಿ. ಬೀಳದೆ ಅಂಟಿಕೊಂಡಿದ್ದರೆ ಅದು ನಿಮ್ಮ ಮುಖದ್ದು. ದಪ್ಪ ಮೀಸೆ ಇರುವವರಿಗೆ ಸ್ವಲ್ಪ ನೀರು ಸೋರಿಯೇ ಸೋರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಪಟ್ಟಿ ಬಿಗಿ ಮಾಡಿದಷ್ಟೂ ಸೋರಿಕೆ ಜಾಸ್ತಿ ಆಗುತ್ತದೆ, ಕಡಿಮೆ ಆಗುವುದಿಲ್ಲ. ಗಾಜು ಮಂಜಾಗದಂತೆ ಒಳಗೆ ಎಂಜಲು ಹಚ್ಚಿ ತೊಳೆಯುವುದು ಹಳೆಯ ಉಪಾಯ. ಅಸಹ್ಯ ಅನ್ನಿಸಿದರೆ ಒಂದು ಹನಿ ಬೇಬಿ ಶಾಂಪೂ.

ಮುಖ ಪೂರ್ತಿ ಮುಚ್ಚುವ ಮಾಸ್ಕ್ ಈಗ ಎಲ್ಲ ಕಡೆ ಸಿಗುತ್ತದೆ. ಮೂಗಿನಲ್ಲೇ ಉಸಿರಾಡಬಹುದು, ನೋಡಲಿಕ್ಕೂ ಚೆಂದ. ನನಗೆ ಮಾತ್ರ ಅದರ ಮೇಲೆ ನಂಬಿಕೆ ಇಲ್ಲ. ವಿನ್ಯಾಸ ಸರಿ ಇಲ್ಲದಿದ್ದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತೀರಿ. ಮೂಗು ಹಿಡಿದು ಕಿವಿ ಬಿಡಿಸಿಕೊಳ್ಳಲಿಕ್ಕೆ ಆಗುವುದಿಲ್ಲ. ಗಾಬರಿಯಾದರೆ ಥಟ್ಟನೆ ಕಿತ್ತು ಹಾಕುವುದೂ ಕಷ್ಟ. ಸಾಮಾನ್ಯ ಕೊಳವೆಯಾದರೆ ಬಾಯಿ ತೆರೆದರೆ ಸಾಕು, ಬಿದ್ದುಹೋಗುತ್ತದೆ.

"ಅಮ್ಮ, ಅಪ್ಪನಿಗೆ ವಯಸ್ಸಾಗಿದೆ, ಅವರು ಸ್ನಾರ್ಕೆಲ್ ಮಾಡಲಿ" ಅನ್ನುವವರೂ ಇದ್ದಾರೆ. ಅಮೆರಿಕದ ಹವಾಯಿಯಲ್ಲಿ ಪ್ರವಾಸಿಗರು ನೀರಲ್ಲಿ ಪ್ರಾಣ ಕಳೆದುಕೊಳ್ಳುವುದು ಜಾಸ್ತಿ ಸ್ನಾರ್ಕೆಲ್ ಮಾಡುವಾಗಲೇ. ಅವರಲ್ಲಿ ನಡುವಯಸ್ಸು ದಾಟಿದವರು ಬಹಳ. ಅಲ್ಲಿ ಇದರ ಬಗ್ಗೆ ಅಧ್ಯಯನ ಮಾಡಿ 2021ರಲ್ಲಿ ವರದಿ ಕೊಟ್ಟಿದ್ದಾರೆ. ಇಕ್ಕಟ್ಟಿನ ಕೊಳವೆಯಲ್ಲಿ ಜೋರಾಗಿ ಉಸಿರು ಎಳೆಯುವುದರಿಂದ ಶ್ವಾಸಕೋಶದಲ್ಲಿ ನೀರಿನಂಶ ತುಂಬಿಕೊಳ್ಳಬಹುದು, ಹೃದಯದ ತೊಂದರೆ ಇದ್ದವರಿಗೆ ಅಪಾಯ ಜಾಸ್ತಿ ಅಂತ ಅದರಲ್ಲಿದೆ. ಕೈಕಾಲು ಬಡಿಯದೆ ಇದ್ದಕ್ಕಿದ್ದಂತೆ ಸುಸ್ತಾಗಿ, ಉಸಿರು ಕಟ್ಟಿದಂತಾದರೆ ಕೊಳವೆ ತೆಗೆದು, ಅಂಗಾತ ತಿರುಗಿ, ಕೈ ಎತ್ತಿ ಕರೆಯಬೇಕು. "ಇನ್ನೈದು ನಿಮಿಷ ನೋಡೋಣ" ಅನ್ನಬಾರದು. ಅರವತ್ತು ದಾಟಿದವರು ಇದ್ದರೆ ಹೋಗುವ ಮುಂಚೆ ಒಮ್ಮೆ ಡಾಕ್ಟರ ಹತ್ತಿರ ಬಿಪಿ, ಹೃದಯ ತೋರಿಸಿಕೊಂಡು ಬನ್ನಿ.

ಹುಡುಗರಿಗೆ ಇನ್ನೊಂದು ಮಾತು. ಜೋರುಜೋರಾಗಿ ಹತ್ತು ಸಲ ಉಸಿರಾಡಿ, ಆಮೇಲೆ ಮುಳುಗಿ ಕಲ್ಲು ಮುಟ್ಟಿ ಬರುವ ಪಂದ್ಯ ಬೇಡವೇ ಬೇಡ. ಹಾಗೆ ಉಸಿರಾಡಿದಾಗ ಮೈಯಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಉಸಿರು ಬೇಕು ಅನ್ನುವ ತವಕ ಹುಟ್ಟಿಸುವುದೇ ಅದು. ತವಕ ಬರುವ ಮೊದಲೇ ಆಮ್ಲಜನಕ ಮುಗಿದು ಪ್ರಜ್ಞೆ ಹೋಗುತ್ತದೆ. ಒಳ್ಳೆಯ ಈಜುಗಾರರೇ ಹೀಗೆ ಹೋಗಿಬಿಡುತ್ತಾರೆ.

ಟ್ರೈ ಡೈವ್: ಈಜಿಗಿಂತ ಕಿವಿ ಮುಖ್ಯ

ಮುರುಡೇಶ್ವರದಲ್ಲಿ ಹೆಚ್ಚಿನವರು ಮಾಡುವುದು ಇದನ್ನೇ. ಈಜು ಬರಬೇಕಿಲ್ಲ. ಡೈವಿಂಗ್ ಕಲಿಕೆಗೆ ಸರ್ಟಿಫಿಕೇಟ್ ಕೊಡುವ ಪಾಡಿ ಸಂಸ್ಥೆಯ ನಿಯಮದಲ್ಲಿ ಇದಕ್ಕೆ 12 ಮೀಟರ್ ಮಿತಿ. ನಿಜವಾಗಿ ಬಹಳ ಜನರನ್ನು ಅದಕ್ಕಿಂತ ಕಡಿಮೆ ಆಳಕ್ಕೇ ಕರೆದೊಯ್ಯುತ್ತಾರೆ. ನೋಡುವುದಕ್ಕೆ ಅಷ್ಟು ಸಾಕು ಕೂಡ. ಐದಾರು ಮೀಟರ್ ಕೆಳಗೆ ಕೆಂಪು ಬಣ್ಣವೇ ಮಾಸಿಹೋಗುತ್ತದೆ, ಎಲ್ಲ ನೀಲಿ, ಬೂದಿ.

ಚಾರ್ಮಾಡಿ ಘಾಟಿ ಇಳಿಯುವಾಗ ಕಿವಿ ಕಟ್ಟುತ್ತದೆ ಅಲ್ವಾ? ಬಸ್ಸಿನಲ್ಲಿ ಎಲ್ಲರೂ ಎಂಜಲು ನುಂಗುತ್ತಿರುತ್ತಾರೆ. ಬೆಂಗಳೂರಿನಿಂದ ಮಂಗಳೂರಿಗೆ ಇಳಿದರೆ ಕಿವಿಯ ಮೇಲೆ ಎಷ್ಟು ಒತ್ತಡ ಹೆಚ್ಚುತ್ತದೋ, ನೀರಲ್ಲಿ ಒಂದೇ ಒಂದು ಮೀಟರ್ ಇಳಿದರೆ ಹೆಚ್ಚುಕಮ್ಮಿ ಅಷ್ಟೇ ಹೆಚ್ಚುತ್ತದೆ. ಬಸ್ಸಿನಲ್ಲಿ ಅದಕ್ಕೆ ಗಂಟೆಗಟ್ಟಲೆ ಸಮಯ ಇತ್ತು. ಇಲ್ಲಿ ಐದು ಸೆಕೆಂಡು. 10 ಮೀಟರ್ ಇಳಿದರೆ ನೆಲದ ಮೇಲಿನ ಒತ್ತಡದ ಎರಡರಷ್ಟು.

ಆದ್ದರಿಂದ ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದುವುದನ್ನು ಮನೆಯಲ್ಲೇ ಕಲಿತುಕೊಳ್ಳಿ. ಎರಡೂ ಕಿವಿಯಲ್ಲಿ 'ಟಕ್' ಅನ್ನಬೇಕು. ನೀರಿಗೆ ಇಳಿದ ಮೇಲೆ ನೋವು ಬರುವವರೆಗೆ ಕಾಯಬಾರದು. ತಲೆ ಮುಳುಗಿದ ಕೂಡಲೇ ಒಮ್ಮೆ, ಆಮೇಲೆ ಪ್ರತಿ ಅರ್ಧ ಮೀಟರಿಗೆ ಒಮ್ಮೆ. ಬಿಡಲಿಲ್ಲ ಅಂದರೆ ಕಿವಿ ತೋರಿಸಿ, ಅಂಗೈ ಅಲ್ಲಾಡಿಸಿ. ತರಬೇತುದಾರ ಸ್ವಲ್ಪ ಮೇಲೆ ಕರೆದೊಯ್ಯುತ್ತಾನೆ. ಜೋರಾಗಿ ಊದಬೇಡಿ, ಕಿವಿಯ ಒಳಭಾಗಕ್ಕೇ ಏಟಾಗಬಹುದು. ಮಾಸ್ಕಿನೊಳಗೂ ಒತ್ತಡ ಸರಿಮಾಡಬೇಕು, ಆಗಾಗ ಮೂಗಿನಿಂದ ಸ್ವಲ್ಪ ಉಸಿರನ್ನು ಅದರೊಳಗೆ ಬಿಡಬೇಕು. ಮಾಸ್ಕಿನೊಳಗೆ ಮೂಗು ಇರುವುದು ಅದಕ್ಕಾಗಿಯೇ. ಬರೀ ಕಣ್ಣು ಮುಚ್ಚುವ ಈಜಿನ ಗಾಗಲ್ಸ್ ಹಾಕಿಕೊಂಡು ಆಳಕ್ಕೆ ಹೋಗಬಾರದು ಅನ್ನುವುದು ಇದಕ್ಕೇ.

ನೆಗಡಿ ಇದ್ದರೆ ಡೈವ್ ಇಲ್ಲ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ದುಡ್ಡು ಕಟ್ಟಿಯಾಗಿತ್ತು, ಗೆಳೆಯರೆಲ್ಲ ಬಂದಿದ್ದರು. ಮೂಗಿಗೆ ಔಷಧಿ ಹಾಕಿಕೊಂಡು, ಯಾರಿಗೂ ಹೇಳದೆ ಇಳಿದೆ. ಮೂರು ಮೀಟರಿಗೆ ಬಲಗಿವಿಯೊಳಗೆ ಮೊಳೆ ಹೊಡೆದಂತಾಯಿತು. ಸ್ವಲ್ಪ ತಡೆದುಕೊಳ್ಳೋಣ ಅಂತ ಇನ್ನೊಂದು ಮೀಟರ್ ಇಳಿದೆ. ಮೇಲೆ ಬಂದಾಗ ಮಾಸ್ಕಿನಲ್ಲಿ ರಕ್ತ. ಎರಡು ವಾರ ಬಲಗಡೆಯವರು ಮಾತಾಡಿದ್ದು ಹಂಡೆಯೊಳಗಿಂದ ಬಂದಂತೆ ಕೇಳುತ್ತಿತ್ತು. ತಪ್ಪು ಪೂರ್ತಿ ನನ್ನದೇ, ಫಾರಂನಲ್ಲಿ 'ನೆಗಡಿ ಇಲ್ಲ' ಅಂತ ಬರೆದದ್ದು ನಾನೇ. ಔಷಧಿಯಿಂದ ಮೂಗು ಬಿಟ್ಟರೂ ನೀರೊಳಗೆ ಅದರ ಪರಿಣಾಮ ಮುಗಿದರೆ ಇನ್ನೊಂದು ತೊಂದರೆ: ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ.

ಕಿವಿ ಆದ ಮೇಲೆ ಉಸಿರು. ಕಡಲ ತೀರದಿಂದ ಚಿಪ್ಸ್ ಪ್ಯಾಕೆಟ್ ತಗೊಂಡು ಘಾಟಿ ಹತ್ತಿದರೆ ಉಬ್ಬಿಕೊಳ್ಳುತ್ತದೆ, ನೋಡಿದ್ದೀರಲ್ಲ. ಅಲ್ಲಿ ಒತ್ತಡದ ವ್ಯತ್ಯಾಸ ತೀರಾ ಸಣ್ಣದು. 10 ಮೀಟರ್ ಆಳದಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ, ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಜಾಗ ಕೇಳುತ್ತದೆ. ಉಸಿರು ಬಿಗಿಹಿಡಿದರೆ ಶ್ವಾಸಕೋಶ ಹರಿಯುತ್ತದೆ. ಆದ್ದರಿಂದ ಸಿಲಿಂಡರ್ ಹಾಕಿಕೊಂಡಾಗ ಏನೇ ಆಗಲಿ, ಉಸಿರು ಹಿಡಿಯಬೇಡಿ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಬಿದ್ದುಹೋದರೂ ಸಣ್ಣಗೆ ಗುಳ್ಳೆ ಬಿಡುತ್ತಾ ಇರಿ. ಗಾಬರಿಯಾಗಿ ಮೇಲಕ್ಕೆ ಚಿಮ್ಮಬೇಡಿ.

ಕೈಸನ್ನೆಯಲ್ಲಿ ಒಂದು ತಮಾಷೆ ಆಗುತ್ತಿರುತ್ತದೆ. ಹೆಬ್ಬೆರಳು ಮೇಲೆ ಮಾಡಿ ತೋರಿಸಿದರೆ ನಮಗೆ 'ಸೂಪರ್'. ನೀರಲ್ಲಿ ಅದರ ಅರ್ಥ 'ಮೇಲೆ ಹೋಗೋಣ'. ಖುಷಿಯಾಗಿ ತೋರಿಸಿದವರನ್ನು ತರಬೇತುದಾರ ಸೀದಾ ಮೇಲೆ ತಂದು ಬಿಟ್ಟಿದ್ದನ್ನು ನೋಡಿದ್ದೇನೆ. ಚೆನ್ನಾಗಿದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿ.

ಮತ್ತೆ, ಬೋಟು. ಡೈವಿಗಿಂತ ಬೋಟಿಗೇ ಸೋಲುವವರು ಜಾಸ್ತಿ. ಹಿಂದಿನ ರಾತ್ರಿ ಕುಡಿಯಬೇಡಿ. ಬೆಳಿಗ್ಗೆ ಎರಡು ಇಡ್ಲಿ ತಿನ್ನಿ, ಬನ್ಸ್, ಪೂರಿ ವಾಪಸ್ ಬಂದ ಮೇಲೆ. ಖಾಲಿ ಹೊಟ್ಟೆಯೂ ಬೇಡ. ವಾಂತಿ ಮಾತ್ರೆ ಬೇಕಿದ್ದರೆ ಡಾಕ್ಟರನ್ನು ಕೇಳಿ ಮೊದಲೇ ತಗೊಳ್ಳಿ. ಕೆಲವು ಮಾತ್ರೆ ನಿದ್ದೆ ಬರಿಸುತ್ತವೆ, ಮಂಪರಿನಲ್ಲಿ ಡೈವ್ ಬೇಡ. ಹಾಗಾಗಿ ಹೊಸ ಮಾತ್ರೆಯನ್ನು ಊರಲ್ಲೇ ಒಂದು ದಿನ ತಿಂದು ನೋಡಿ.

ಕೋರ್ಸ್: ನಾಲ್ಕು ದಿನ ರಜೆ ಇದ್ದರೆ

ಸ್ಕೂಬಾ ಕಲಿಯುವವರ ಮೊದಲ ಕೋರ್ಸಾದ ಓಪನ್ ವಾಟರ್ ಸಾಮಾನ್ಯವಾಗಿ ಮೂರು, ನಾಲ್ಕು ದಿನ. ಟ್ರೈ ಡೈವಿನ ಐದಾರು ಪಟ್ಟು ಖರ್ಚು. ಓದುವುದಿದೆ, ಪರೀಕ್ಷೆ ಇದೆ, ಮೊದಲು ಆಳವಿಲ್ಲದ ನೀರಲ್ಲಿ ಅಭ್ಯಾಸ, ಆಮೇಲೆ ಕಡಲಲ್ಲಿ ನಾಲ್ಕು ಡೈವ್. ಪಾಸಾದರೆ ಜೊತೆಗಾರನೊಂದಿಗೆ 18 ಮೀಟರ್‌ವರೆಗೆ ಹೋಗಬಹುದು. ಹತ್ತು ವರ್ಷ ತುಂಬಿದ ಮಕ್ಕಳೂ ಸೇರಬಹುದು, ಅವರಿಗೆ ಮಿತಿಗಳು ಬೇರೆ.

ಇದಕ್ಕೆ ಈಜು ಬೇಕು. ಪಾಡಿಯಲ್ಲಿ 200 ಮೀಟರ್ ನಿಲ್ಲದೆ ಈಜಬೇಕು, 10 ನಿಮಿಷ ತೇಲಬೇಕು. ವೇಗದ ಲೆಕ್ಕ ಇಲ್ಲ, ನಾಯಿ ಈಜಾದರೂ ಸರಿ. ಎಲ್ಲರೂ ಹೆದರುವುದು ಮಾಸ್ಕಿಗೆ ನೀರು ತುಂಬಿಸಿಕೊಂಡು, ನೀರೊಳಗೇ ಮೂಗಿನಿಂದ ಊದಿ ಖಾಲಿ ಮಾಡುವುದಕ್ಕೆ. ಮನೆಯಲ್ಲಿ ಬಕೆಟ್ ನೀರಿಗೆ ಮುಖ ಅದ್ದಿ, ಮೂಗು ತೆರೆದಿಟ್ಟುಕೊಂಡೇ ಸ್ನಾರ್ಕೆಲ್ ಕೊಳವೆಯಲ್ಲಿ ಬಾಯಿಂದ ಉಸಿರಾಡಿ ನೋಡಿ. ಜೊತೆಗೆ ಯಾರಾದರೂ ಇರಲಿ. ಮೂಗಿಗೂ ಬಾಯಿಗೂ ಬೇರೆಬೇರೆ ಕೆಲಸ ಕೊಡಲು ಬಂದರೆ ಆ ಹೆದರಿಕೆ ಹೋಗುತ್ತದೆ.

ನನ್ನ ಅಭಿಪ್ರಾಯ: ಮೊದಲು ಒಂದು ಟ್ರೈ ಡೈವ್ ಮಾಡಿ. ಮೇಲೆ ಬಂದ ಕೂಡಲೇ 'ಮತ್ತೆ ಯಾವಾಗ?' ಅನ್ನಿಸಿದರೆ ಕೋರ್ಸಿಗೆ ದುಡ್ಡು ಹಾಕಿ. ಫೋಟೋ ಚೆನ್ನಾಗಿ ಬಂತಾ ಅನ್ನುವುದೇ ಮೊದಲ ಪ್ರಶ್ನೆಯಾದರೆ ಕೋರ್ಸ್ ಬೇಡ, ಅದೇನೂ ತಪ್ಪಲ್ಲ.

ಎಲ್ಲಿ?

ಕರ್ನಾಟಕದಿಂದ ಹೊರಡುವವರಿಗೆ ಟ್ರೈ ಡೈವಿಗೆ ನೇತ್ರಾಣಿಯೇ ಹತ್ತಿರ. ಮಳೆಗಾಲದಲ್ಲಿ ಬಂದ್. ಡಿಸೆಂಬರ್, ಜನವರಿಯ ಕಡೆ ನೀರು ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಆದರೆ ಕಡಲು ಮಾತು ಕೊಡುವುದಿಲ್ಲ. ಗಾಳಿ ಎದ್ದರೆ ಬೋಟು ಹೋಗುವುದಿಲ್ಲ, ಹೋಗಲೂಬಾರದು. ಒಂದು ದಿನ ಹೆಚ್ಚಿಗೆ ಇಟ್ಟುಕೊಂಡೇ ಬನ್ನಿ.

ಮಕ್ಕಳು, ಅಮ್ಮ, ಅಪ್ಪ ಎಲ್ಲ ಸೇರಿ ಸ್ನಾರ್ಕೆಲ್ ಮಾಡಬೇಕು ಅಂದರೆ ಲಕ್ಷದ್ವೀಪ. ಹವಳದ ದಿಬ್ಬ ಅಲೆಯನ್ನು ಹೊರಗೇ ತಡೆಯುತ್ತದೆ. ಒಳಗೆ ಕೆರೆಯ ಥರ ನಿಂತ ನೀರು, ಕಾಲು ಮರಳಿಗೆ ತಾಗುತ್ತದೆ. ಪರ್ಮಿಟ್ ಬೇಕು, ತಯಾರಿಗೆ ಸಮಯ ಬೇಕು. ಅಂದಹಾಗೆ, ಈಗ ಡೈವಿಂಗಿಗೆ ಹೆಸರಾದ ಕಡಮತ್ ದ್ವೀಪ 1956ಕ್ಕೆ ಮುಂಚೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಆಗಿನ ಕಾಲದಲ್ಲಿ ಮಂಗಳೂರಿಗೆ ಅರ್ಜಿ ಕೊಟ್ಟರೆ ಸಾಕಿತ್ತೇನೋ!

ಕೋರ್ಸಿಗೆ ರಜೆ, ದುಡ್ಡು ಎರಡೂ ಇದ್ದರೆ ಅಂಡಮಾನಿನ ಸ್ವರಾಜ್ ದ್ವೀಪ, ಅಂದರೆ 2018ರವರೆಗೆ ಹ್ಯಾವ್‌ಲಾಕ್ ಆಗಿದ್ದ ಜಾಗ. ತೀರದಿಂದಲೇ ನಡೆದು ಇಳಿಯುವ ಜಾಗಗಳಿವೆ, ಬೋಟಿನ ಹೊಟ್ಟೆ ತೊಳಸು ಕಡಿಮೆ. ಆದರೆ ಅಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ಇದೇ ದ್ವೀಪದಲ್ಲಿ ಸ್ನಾರ್ಕೆಲ್ ಮಾಡುತ್ತಿದ್ದ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಬೇಡ ಅಂತ ಬೋರ್ಡ್ ಹಾಕಿದ ಕಡೆ ನೀರಿಗೆ ಇಳಿಯಲೇಬೇಡಿ.

ಕಡಿಮೆ ದುಡ್ಡಿಗೆ ಹದಿನೈದು ನಿಮಿಷ ಮುಳುಗಿಸಿ, ವಿಡಿಯೋ ಕೊಟ್ಟು ಕಳಿಸುವ ಪ್ಯಾಕೇಜುಗಳು ಪಶ್ಚಿಮ ಕರಾವಳಿಯಲ್ಲಿ ಬೇಕಾದಷ್ಟಿವೆ. ಅಗ್ಗ ಅನ್ನುವುದಕ್ಕೆ ನನ್ನ ತಕರಾರಿಲ್ಲ. ಆರೋಗ್ಯದ ಫಾರಂ ಕೊಡದೆ, ಕಿವಿಯ ಪಾಠ ಹೇಳದೆ ಸೀದಾ ನೀರಿಗೆ ಇಳಿಸಿದರೆ ಮಾತ್ರ ಎದ್ದು ಬನ್ನಿ.

ದುಡ್ಡು ಕಟ್ಟುವ ಮುಂಚೆ ಕೇಳಿ

ಬೋಟಿನಲ್ಲಿ ತುರ್ತಿಗೆ ಆಮ್ಲಜನಕದ ಸಿಲಿಂಡರ್ ಇದೆಯಾ? ಇದು ಮೊದಲ ಪ್ರಶ್ನೆ. 'ಯಾಕೆ ಸರ್, ಟ್ಯಾಂಕ್ ಇರುತ್ತಲ್ಲ' ಅಂದರೆ ಅವರಿಗೇ ವಿಷಯ ಗೊತ್ತಿಲ್ಲ. ಡೈವಿನ ಟ್ಯಾಂಕಿನಲ್ಲಿರುವುದು ನಾವು ಉಸಿರಾಡುವ ಮಾಮೂಲಿ ಗಾಳಿ, ಒತ್ತಿ ತುಂಬಿದ್ದು ಅಷ್ಟೇ. ಆಮೇಲೆ, ಒಬ್ಬ ತರಬೇತುದಾರನಿಗೆ ಎಷ್ಟು ಜನ ಅಂತ ಕೇಳಿ. ಈಜು ಬರದವರಿಗೆ ನೀರೊಳಗೆ ಒಬ್ಬರಿಗೆ ಒಬ್ಬ ಇರಲೇಬೇಕು ಅನ್ನುವುದು ನನ್ನ ಹಟ. ಸ್ನಾರ್ಕೆಲ್ ಮಾಡುವವರಾದರೆ, ನಾವು ನೀರಲ್ಲಿರುವಾಗ ನಮ್ಮನ್ನೇ ನೋಡುತ್ತಾ ನಿಲ್ಲುವವರು ಯಾರು ಅಂತ ಹೆಸರು ಹಿಡಿದು ಕೇಳಿ.

ನೀರಿಗಿಳಿಯುವ ಮುಂಚೆ ರೆಗ್ಯುಲೇಟರ್ ಬಾಯಿಗಿಟ್ಟು ನಾಲ್ಕು ಸಲ ಉಸಿರಾಡುತ್ತಾ ಗಾಳಿಯ ಮೀಟರ್ ನೋಡಿ. ಮುಳ್ಳು ಅಲ್ಲಾಡದೆ ನಿಂತಿರಬೇಕು. ಉಸಿರು ಎಳೆದಾಗ ಕೆಳಗೆ ಬಿದ್ದು ಮತ್ತೆ ಏರಿದರೆ ವಾಲ್ವ್ ಪೂರ್ತಿ ತೆರೆದಿಲ್ಲ. ಎಣ್ಣೆ ಅಥವಾ ಹೊಗೆಯ ವಾಸನೆ ಬಂದರೆ ಆ ಟ್ಯಾಂಕ್ ಬೇಡ ಅನ್ನಿ.

ಫಾರಂನಲ್ಲಿ ಎಲ್ಲದಕ್ಕೂ 'ಇಲ್ಲ, ಇಲ್ಲ' ಅಂತ ಗೀಚಬೇಡಿ. ಆಸ್ತಮಾ, ಹೃದಯದ ತೊಂದರೆ, ಮೂರ್ಛೆ, ಕಿವಿಯ ಆಪರೇಷನ್, ಸಕ್ಕರೆ ಕಾಯಿಲೆ ಇದ್ದರೆ ಊರಿನಿಂದ ಹೊರಡುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿ ಚೀಟಿ ತನ್ನಿ. ಬಸುರಿಯರಿಗೆ ಸ್ಕೂಬಾ ಇಲ್ಲ.

ವಾಪಸ್ ಹೊರಡುವ ಲೆಕ್ಕ

ಡೈವಿನಲ್ಲಿ ಒತ್ತಡದಿಂದ ಮೈಗೆ ಸೇರಿದ ಸಾರಜನಕ ನಿಧಾನವಾಗಿ ಹೊರಗೆ ಹೋಗಬೇಕು. ಅದಕ್ಕೂ ಮುಂಚೆ ಎತ್ತರಕ್ಕೆ ಹೋದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆಯಾಗಬಹುದು. ಒಂದು ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ವಿಮಾನ ಹತ್ತಬೇಡಿ ಅಂತ ಡೈವರ್‌ಗಳ ಸುರಕ್ಷತೆಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುತ್ತದೆ. ಅಂಡಮಾನಿಗೆ ಹೋದವರಿಗೆ ಇದು ಗೊತ್ತಿರುತ್ತದೆ. ಮೇಲೆ ಬರೀ ತೇಲುತ್ತಾ ಸ್ನಾರ್ಕೆಲ್ ಮಾಡಿದವರಿಗೆ ಈ ನಿಯಮ ಇಲ್ಲ.

ನಮ್ಮವರು ಮರೆಯುವುದು ಘಾಟಿಯನ್ನು. ಬೆಳಿಗ್ಗೆ ನೇತ್ರಾಣಿ, ಮಧ್ಯಾಹ್ನ ಮೀನೂಟ, ಸಂಜೆ ಹೊನ್ನಾವರದಿಂದ ಮೇಲೆ ಹತ್ತಿ ಜೋಗ, ರಾತ್ರಿ ಬೆಂಗಳೂರು ದಾರಿ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ. ವಿಮಾನದಷ್ಟಲ್ಲದಿದ್ದರೂ ಇದೂ ಎತ್ತರವೇ. ಒಂದು ಸಣ್ಣ ಟ್ರೈ ಡೈವ್ ಮಾಡಿದವರಿಗೆ ಅಪಾಯ ಕಡಿಮೆ. ಕೋರ್ಸಿನ ಕೊನೆಯ ದಿನ ಎರಡು ಡೈವ್ ಮುಗಿಸಿ ಅದೇ ಸಂಜೆ ಘಾಟಿ ಹತ್ತುವುದು ಬೇರೆ ಮಾತು.

ನಾನು ಈಗ ಜೋಗವನ್ನು ಹೋಗುವಾಗಲೇ ನೋಡಿಬಿಡುತ್ತೇನೆ. ಡೈವ್ ಆದ ದಿನ ಕರಾವಳಿಯಲ್ಲೇ ಉಳಿಯುತ್ತೇನೆ, ಗೋಕರ್ಣವೋ ಭಟ್ಕಳವೋ. ಕೀಲು ನೋವು, ಜೋಮು, ತಲೆಸುತ್ತು ಏನಾದರೂ ಶುರುವಾದರೆ ಡೈವ್ ಮಾಡಿಸಿದವರಿಗೆ ಫೋನ್ ಮಾಡಿ, ಡಾಕ್ಟರಿಗೆ 'ಡೈವ್ ಮಾಡಿದ್ದೆ' ಅಂತ ಮೊದಲೇ ಹೇಳಬೇಕು. ಇಲ್ಲದಿದ್ದರೆ ಗ್ಯಾಸ್ಟ್ರಿಕ್ ಅಂತಲೋ ಸುಸ್ತು ಅಂತಲೋ ಮಾತ್ರೆ ಕೊಟ್ಟು ಕಳಿಸುತ್ತಾರೆ. ಬಸ್ಸಿನ ಟಿಕೆಟ್ ಮರುದಿನ ಸಂಜೆಗೆ ಮಾಡಿ.